ಕಾದಂಬರಿಯು ಗೇಯರೂಪಕವಾದ ಬಗೆ

ಏಕಸಂಬಿ, ಚಿಕ್ಕೋಡಿ, ರಾಯಬಾಗಗಳ ಸೀಮೆಯು ಕನ್ನಡ ಮರಾಠಿಗಳೆರಡರ ರಂಗಗೀತಗಳನ್ನೂ ಕೇಳಿ ಬೆಳೆದ ನಾಡು. ಒಂದು ಕಡೆ ಕುಲಗೋಡ ತಮ್ಮಣ್ಣನ ಶ್ರೀಕೃಷ್ಣಪಾರಿಜಾತ. ಇನ್ನೊಂದು ಕಡೆ, ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಆಡಿಸಿದ ಸಂಗೀತ ಶಾಕುಂತಲ. ಇವೆರಡರ ವಸ್ತುವೂ ಪುರಾಣೇತಿಹಾಸಗಳಿಂದ ಬಂದುದು. ಹತ್ತಿರದ ಸಂಸಾರದ ಕಥೆಯೂ ಹಾಡಿಗೆ ಒಗ್ಗುವುದೆಂಬುದನ್ನು ಬೈಲಹೊಂಗಲದ ಕೊಲೆಯೊಂದರ ವೃತ್ತಾಂತವನ್ನುಳ್ಳ ಸಂಗ್ಯಾಬಾಳ್ಯಾ ಸಣ್ಣಾಟವೂ, ವೃದ್ಧವಿವಾಹವನ್ನು ಖಂಡಿಸಿ ಗೋವಿಂದ ಬಲ್ಲಾಳ ದೇವಲರು ರಚಿಸಿದ, 1899ರಲ್ಲಿ ರಂಗಕ್ಕೆ ಬಂದ ಸಂಗೀತ ಶಾರದೆಯೂ ತೋರಿಸಿಕೊಟ್ಟವು. ಆದರೆ ಇವಾವುವೂ ಕಾದಂಬರಿಯಿಂದ ಹುಟ್ಟಿದವಲ್ಲ.

ಕಾದಂಬರಿಯನ್ನು ಹಾಡಾಗಿಸುವ ಕಷ್ಟವು ಬೇರೆ ತೆರನಾದುದು. ಪಾಶ್ಚಾತ್ಯರು ಇದನ್ನು ತ್ಯಾಗದಿಂದ ಪರಿಹರಿಸಿದರು. ಕಿರಿಯ ಡ್ಯೂಮಾನ 1848ರ ಕಾದಂಬರಿಯು ಅವನ ಕೈಯಲ್ಲಿಯೇ ನಾಟಕವಾಗಿ, ಅನಂತರ 1853ರಲ್ಲಿ ವೆರ್ದಿಯ ‘ಲಾ ತ್ರಾವಿಯಾತಾ’ ಆಗುವಾಗ ನಾಯಿಕೆಯೊಬ್ಬಳ ಸುತ್ತ ಉಳಿಯಬೇಕಾದಷ್ಟು ಮಾತ್ರ ಉಳಿಯಿತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಈ ಉಪಾಯಕ್ಕೆ ಒಳಗಾಗತಕ್ಕುದಲ್ಲ. ಅದರಲ್ಲಿ ಏಕನಾಯಕನೇ ಇಲ್ಲ. ಗುತ್ತಿ ತಿಮ್ಮಿಯರು, ಐತ ಪೀಂಚಲುಗಳು, ಮುಕುಂದಯ್ಯ ಚಿನ್ನಮ್ಮರು, ಕಡೆಗೆ ಹುಲಿಯನೆಂಬ ನಾಯಿಯೂ ಸಮಾನಗೌರವಕ್ಕೆ ಪಾತ್ರವಾದವು. ಒಬ್ಬರನ್ನು ಎತ್ತಿ ಹಿಡಿದರೆ ಕೃತಿಯ ದರ್ಶನವೇ ಕೆಡುವುದು.

2010ರಲ್ಲಿ ಮೈಸೂರಿನ ರಂಗಾಯಣವು ಇದನ್ನು ಕೈಗೊಂಡಿತು. ರಂಗಪಠ್ಯ ಕೆ. ವೈ. ನಾರಾಯಣಸ್ವಾಮಿಯವರದು, ಸಂಗೀತ ಹಂಸಲೇಖರದು, ನಿರ್ದೇಶನ ಸಿ. ಬಸವಲಿಂಗಯ್ಯನವರದು. ಬಯಲಿನ ನಾಲ್ಕು ರಂಗಗಳಲ್ಲಿ, ಇರುಳೆಲ್ಲ ಸುಮಾರು ಒಂಬತ್ತು ಗಂಟೆ ಆಟ. ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ನಡೆಯಬೇಕು. ಬಯಲಾಟ ಕಂಡ ಜನಕ್ಕೆ ಇದು ಹೊಸತಲ್ಲ. ಇಲ್ಲಿಯ ಮುಖ್ಯ ಯುಕ್ತಿಯೆಂದರೆ, ಕಾದಂಬರಿಕಾರನ ನಿರೂಪಣೆಯನ್ನು ಜೋಗಿಗಳೇ ಮೊದಲಾದ ಕಥೆಗಾರರ ಬಾಯಿಗೆ ಕೊಟ್ಟುದು. ದೇವಲರಲ್ಲಿ ಹಾಡು ಪಾತ್ರದ ಹೃದಯದಿಂದ ಹೊರಡುವುದು. ಇಲ್ಲಿ ಕಥೆಯೇ ಹಾಡುವುದು. ಅಭಿನವಗುಪ್ತನು ಹೇಳುವ ರಾಘವವಿಜಯ, ಮಾರೀಚವಧ ಎಂಬ ರಾಗಕಾವ್ಯಗಳ ವರ್ಗಕ್ಕೆ ಇದು ಹತ್ತಿರವಾದುದು. ಅವುಗಳಲ್ಲಿ ರಸವು ಬದಲಾದರೂ ರಾಗವು ಬದಲಾಗದು. ಒಂಬತ್ತು ಗಂಟೆಯ ಆಟಕ್ಕೆ ಆ ನಿಯಮವನ್ನು ಹೇರುವುದು ಪ್ರೇಕ್ಷಕರ ಮೇಲೆ ದಯೆಯಿಲ್ಲದ ಮಾತಾದೀತು.

ಇದನ್ನು ಆಪೆರಾ ಎನ್ನಬಹುದೆ? ಸಂಭಾಷಣೆಯು ಗದ್ಯದಲ್ಲಿಯೇ ಇರುವುದರಿಂದ ಕಟ್ಟುನಿಟ್ಟಾದ ಅರ್ಥದಲ್ಲಿ ಸಲ್ಲದು. ಆದರೆ ಆ ಇಟಾಲಿಯನ್ ಶಬ್ದಕ್ಕೆ ಕೃತಿಯೆಂದಷ್ಟೇ ಅರ್ಥ. ಪಾರಿಜಾತದಲ್ಲಿಯೂ ಭಾಗವತನಿಗೂ ದೂತಿಗೂ ನಡುವೆ ಗದ್ಯದ ಮಾತು ಉಂಟು. ದೇಶೀ ಗೇಯರೂಪಕವೆಂದರೆ ಯಾರಿಗೂ ಬಾಧೆಯಿಲ್ಲ.

ನಷ್ಟವಾದುದು ಒಂದೆಡೆ. ಬೇಡದ ಮದುವೆಯಿಂದ ತಪ್ಪಿಸಿಕೊಂಡು ಚಿನ್ನಮ್ಮ ಇರುಳ ಕಾಡಿನಲ್ಲಿ ಓಡುವ ಭಾಗವು ಕಾದಂಬರಿಯಲ್ಲಿ ಅವಳ ಭಯದೊಳಗಿನಿಂದ ಬರೆಯಲ್ಪಟ್ಟುದು. ಹೊರಗೆ ನಿಂತು ಹಾಡುವ ಜೋಗಿಗೆ ಆ ಓಟವು ಕಾಣುವುದೇ ಹೊರತು, ಅವಳ ಎದೆಬಡಿತವು ಕೇಳಿಸುವುದಿಲ್ಲ.