ಹಂಪಿ ಸೀಮೆಯ ಮಲ್ಲರು

ಹಂಪಿ ಸೀಮೆಯ ಕುಸ್ತಿಯ ಹಳೆಯ ದಾಖಲೆಗಳು ಹೆಚ್ಚಾಗಿ ಅರಮನೆಯ ಸುತ್ತಲಿನವು. ವಿಜಯನಗರಕ್ಕೂ ಮುಂಚೆ ಈ ನೆಲ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಆ ವಂಶದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಪಟ್ಟುಗಳನ್ನು ಕಲಿತ ಮಾತ್ರಕ್ಕೆ ಯಾರೂ ಮಲ್ಲನಾಗುವುದಿಲ್ಲ ಎಂಬುದು ಅದರಿಂದ ತಿಳಿಯುತ್ತದೆ. ತೂಕ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಮೇಲೆ ಮಾಡುವ ಸ್ತಂಭಶ್ರಮ ಇವೆಲ್ಲ ಅವನ ಸಾಧನೆಯ ಭಾಗ. ಮಲ್ಲರಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂಬ ದರ್ಜೆಗಳಿದ್ದವು. ಕನ್ನಡದ ‘ಜಟ್ಟಿ’ ಎಂಬ ಮಾತನ್ನೂ ಸಾಮಾನ್ಯವಾಗಿ ಈ ‘ಜ್ಯೇಷ್ಠ’ ಮೂಲಕ್ಕೇ ಸೇರಿಸುತ್ತಾರೆ.

ವಿಜಯನಗರ ಕಾಲದ ಸಾಮಿನ ವಿವರವಾದ ಚಿತ್ರವನ್ನು ಕೊಟ್ಟವನು 1520ರ ಸುಮಾರಿಗೆ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್. ಆಗ ಪಟ್ಟದಲ್ಲಿದ್ದವನು ಕೃಷ್ಣದೇವರಾಯ (1509–1529). ಅರಸ ಬೆಳಕು ಹರಿಯುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ. ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಸಿಕೊಳ್ಳುತ್ತಿದ್ದ. ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿಕೊಂಡು, ಸುಟ್ಟ ಮಣ್ಣಿನ ದೊಡ್ಡ ತೂಕಗಳನ್ನು ತೋಳಿನಲ್ಲಿ ಎತ್ತುತ್ತಿದ್ದ. ಆಮೇಲೆ ಕತ್ತಿವರಸೆ. ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಅದು ನಡೆಯುತ್ತಿತ್ತು. ನಂತರ ತನ್ನ ಮಲ್ಲರಲ್ಲೊಬ್ಬನೊಡನೆ ಕುಸ್ತಿ; ಕಡೆಗೆ ಕುದುರೆ ಏರಿ, ನಸುಕು ಮೂಡುವವರೆಗೆ ಬಯಲಿನಲ್ಲಿ ಓಡಾಟ. ಸ್ನಾನ, ಪೂಜೆ, ರಾಜಕಾರ್ಯ ಏನಿದ್ದರೂ ಇದಾದ ಮೇಲೆಯೇ. ತೋಳ್ಬಲ, ಕತ್ತಿ, ಮಲ್ಲಯುದ್ಧ, ಸವಾರಿ ಇವು ಆ ಕಾಲದ ಯುದ್ಧಕ್ಕೆ ಬೇಕಾದ ವಿದ್ಯೆಗಳು. ಅರಸನಿಗೆ ಸಾಮು ಎಂದರೆ ದಂಡಯಾತ್ರೆಯ ತಯಾರಿ.

ಮಲ್ಲರ ಮಟ್ಟಿಗೆ ಕುಸ್ತಿಯೇ ಕಸುಬಾಗಿತ್ತು. 1530ರ ದಶಕದಲ್ಲಿ ಬರೆದ ಇನ್ನೊಬ್ಬ ಪೋರ್ಚುಗೀಸ್ ಲೇಖಕ ಫೆರ್ನಾವ್ ನೂನಿಜ್ ಹಬ್ಬದಲ್ಲಿ ಅರಸನ ಮುಂದೆ ಸೆಣಸುವ ಸಾವಿರ ಮಲ್ಲರನ್ನು ಉಲ್ಲೇಖಿಸುತ್ತಾನೆ. ಅವರಿಗೊಬ್ಬ ನಾಯಕನಿದ್ದ, ರಾಜ್ಯದಲ್ಲಿ ಬೇರಾವ ಊಳಿಗವನ್ನೂ ಅವರು ಮಾಡುತ್ತಿರಲಿಲ್ಲ. ಮೊನೆಗಳಿರುವ ಬಳೆಯಂಥ ಆಯುಧಗಳನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರು. ಹೆಚ್ಚು ಗಾಯಗೊಂಡವನಿಗೆ ಅರಸನಿಂದ ರೇಷ್ಮೆ ವಸ್ತ್ರದ ಉಡುಗೊರೆ ಸಿಗುತ್ತಿತ್ತು. ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ಅವನೇ ದಾಖಲಿಸಿದ್ದಾನೆ.

ಈ ಕಾಳಗಗಳು ನಡೆಯುತ್ತಿದ್ದುದು ಒಂಬತ್ತು ದಿನಗಳ ಮಹಾನವಮಿಯಲ್ಲಿ. ಹಲ್ಲು ಮುರಿಯುವ, ಕಣ್ಣು ಹೋಗುವ, ಮುಖ ವಿಕಾರವಾಗುವ ಏಟುಗಳನ್ನು ಪಾಯೆಸ್ ಕಂಡಿದ್ದ. ಮಾತು ಬಾರದೆ ಬಿದ್ದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಹಾಗೆಂದು ಅದು ಅಂಕೆಯಿಲ್ಲದ ಬಡಿದಾಟವಲ್ಲ. ಸರಿಜೋಡಿಗಳನ್ನು ಕಣಕ್ಕಿಳಿಸಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ತೀರ್ಪುಗಾರರಿದ್ದರು. ಹಂಪಿಯ ಮಹಾನವಮಿ ದಿಬ್ಬದ ಗೋಡೆಗಳ ಉಬ್ಬುಶಿಲ್ಪದಲ್ಲಿ ಬೇಟೆ, ಕುಣಿತ, ಕುದುರೆಗಳ ಜೊತೆ ಮಲ್ಲರಿಗೂ ಜಾಗ ಸಿಕ್ಕಿದೆ.

1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತ ನಂತರ ರಾಜಧಾನಿ ಹಾಳಾಯಿತು. ಮಲ್ಲರನ್ನು ಸಾಕುವ ಅರಮನೆ ಇಲ್ಲವಾಯಿತು. ಮಹಾನವಮಿಯ ಪದ್ಧತಿಯನ್ನು ಮೈಸೂರಿನ ಅರಸ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಅದೇ ಮೈಸೂರು ದಸರೆಯಾಯಿತು. ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ಇಂದಿಗೂ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಮೊನಚಾದ ಮುಷ್ಟಿ ಆಯುಧ ಹಿಡಿದು ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ನೂನಿಜ್ ಬಣ್ಣಿಸಿದ ಮೊನೆಯ ಬಳೆಗಳನ್ನು ಇದು ನೆನಪಿಸುತ್ತದೆ.

ಊರುಗಳಲ್ಲಿ ಕುಸ್ತಿಯನ್ನು ಉಳಿಸಿದ್ದು ಗರಡಿಮನೆ. ಅಲ್ಲಿನ ಕಣದ ಕೆಂಪು ಮಣ್ಣನ್ನು ಜರಡಿ ಹಿಡಿದು ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡುತ್ತಾರೆ. ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ, ಆಮೇಲೆ ಜೋಡಿ ಹಿಡಿಯುವುದು ಕ್ರಮ. ಗರಡಿಯ ದೇವರು ಹನುಮಂತ. ಕಿಷ್ಕಿಂಧೆಯೆಂದು ಹೆಸರಾದ ಈ ಸೀಮೆಯಲ್ಲಿ, ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟವೇ ಅವನ ಜನ್ಮಸ್ಥಳವೆಂಬ ನಂಬಿಕೆಯಿದೆ. ವಿಜಯನಗರ ಕಾಲದ ಮಾಧ್ವ ಯತಿ ವ್ಯಾಸರಾಯರು 732 ಹನುಮ ವಿಗ್ರಹಗಳನ್ನು ಸ್ಥಾಪಿಸಿದರೆಂಬ ಪ್ರತೀತಿಗೆ ಸೇರಿದ ಯಂತ್ರೋದ್ಧಾರಕ ಹನುಮಂತನ ಗುಡಿ ಹಂಪಿಯಲ್ಲೇ ಇದೆ.

ಸ್ವಾತಂತ್ರ್ಯಾನಂತರ ಅರಸರ ಜಾಗಕ್ಕೆ ಸರ್ಕಾರ ಬಂತು. ರಾಜಕಾರಣಿ ಎಂ.ಪಿ. ಪ್ರಕಾಶ್ ಅವರ ಆಸ್ಥೆಯಿಂದ ಬೆಳೆದ ಹಂಪಿ ಉತ್ಸವದಲ್ಲಿ ಕುಸ್ತಿ, ಗುಂಡು ಎತ್ತುವುದು, ಬಂಡಿಯ ಗಾಲಿ ಕಳಚಿ ಜೋಡಿಸುವುದು ಸ್ಪರ್ಧೆಗಳಾದವು. 2018ರಲ್ಲಿ ಸಂಡೂರು ತಾಲ್ಲೂಕಿನ ತೋರಣಗಲ್ಲು ಬಳಿ ಜೆಎಸ್‌ಡಬ್ಲ್ಯೂ ಸಮೂಹದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆರಂಭವಾಯಿತು. ಅಲ್ಲಿ ಕುಸ್ತಿಯ ಜೊತೆಗೆ ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್, ಈಜು ತರಬೇತಿಗಳಿವೆ. ಗರಡಿಯ ಮಣ್ಣಿನ ಕಣದಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡುವವರೆಗೆ ಸೆಣಸಾಟ ನಡೆಯುತ್ತಿತ್ತು. ಇಂಥ ಕೇಂದ್ರಗಳಲ್ಲಿ ಕಲಿಸುವ ಮ್ಯಾಟ್ ಮೇಲಿನ ಕುಸ್ತಿಯಲ್ಲಿ ಚಿತ್ ಆಗದಿದ್ದರೂ, ತಲಾ ಮೂರು ನಿಮಿಷದ ಎರಡು ಸುತ್ತುಗಳಲ್ಲಿ ಗಳಿಸಿದ ಅಂಕಗಳಿಂದ ಸೋಲುಗೆಲುವು ತೀರ್ಮಾನವಾಗುತ್ತದೆ.