ಲಯ: ಹುಟ್ಟಿನ ವರವೇ, ಕಲಿತ ವಿದ್ಯೆಯೇ?

(ಬಾನುಲಿ ಭಾಷಣ)

ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಕರೆಯುವುದು ನಮ್ಮ ಸಂಗೀತಗಾರರಲ್ಲಿ ಬಹುಕಾಲದ ರೂಢಿ. ಆದರೆ ಕಲಿಸುವಾಗ ನಾವು ಈ ಇಬ್ಬರನ್ನೂ ಒಂದೇ ಸಮನಾಗಿ ಕಾಣುವುದಿಲ್ಲ. ಶ್ರುತಿ ತಪ್ಪಿದ ಮಗುವಿಗೆ, ‘ತಂಬೂರಿಯ ಮುಂದೆ ಕುಳಿತುಕೋ, ಬಂದೀತು’ ಎಂದು ಧೈರ್ಯ ಹೇಳುತ್ತೇವೆ. ತಾಳ ತಪ್ಪಿದ ಮಗುವಿಗೋ, ‘ಇದಕ್ಕೆ ಲಯವೇ ಇಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಒಂದು ಸಾಧನೆಯಿಂದ ಬರುವುದು, ಇನ್ನೊಂದು ಹುಟ್ಟಿನಿಂದಲೇ ಬರಬೇಕಾದದ್ದು ಎಂಬ ನಂಬಿಕೆ ಇದರ ಹಿಂದಿದೆ.

ಈ ತೀರ್ಪಿಗೆ ನಾನೂ ಒಮ್ಮೆ ಗುರಿಯಾದವನು. ನನ್ನ ಹದಿಮೂರನೆಯ ವಯಸ್ಸಿನಲ್ಲಿ ಪಾಠ ಹೇಳುತ್ತಿದ್ದ ಹಿರಿಯರೊಬ್ಬರು ನನ್ನ ತಾಯಿಯವರನ್ನು ಕರೆದು, ‘ಅಮ್ಮಾ, ಹುಡುಗನಿಗೆ ಕಂಠವಿದೆ, ಲಯವಿಲ್ಲ, ಸುಮ್ಮನೆ ದುಡ್ಡು ದಂಡ’ ಎಂದರು. ಮರುದಿನದಿಂದ ನಾನು ಪಾಠಕ್ಕೆ ಹೋಗಲಿಲ್ಲ. ಅವರ ಮೇಲೆ ನನಗೆ ಇಂದು ಕೋಪವಿಲ್ಲ. ಆದರೆ ಕಳೆದ ವರ್ಷ ಅದೇ ಮಾತನ್ನು ನನ್ನ ಮೊಮ್ಮಗಳೂ ಕೇಳಿಸಿಕೊಂಡು ಅಳುತ್ತಾ ಮನೆಗೆ ಬಂದಾಗ, ಈ ತೀರ್ಪಿಗೆ ನಮ್ಮ ಪರಂಪರೆಯಲ್ಲಿ ಆಧಾರವಿದೆಯೇ ಎಂದು ವಿಚಾರಿಸಬೇಕೆನಿಸಿತು.

ಮೊದಲು ಶಾಸ್ತ್ರದ ಮಾತು. ಭರತನ ನಾಟ್ಯಶಾಸ್ತ್ರವು ತಾಳವನ್ನು ಕೈಯ ಕೆಲಸವಾಗಿ ವಿವರಿಸುತ್ತದೆ. ಈ ಕೆಲಸಕ್ಕೆ ‘ಕ್ರಿಯೆ’ ಎಂದು ಹೆಸರು. ಅದರಲ್ಲಿ ಸದ್ದು ಮಾಡುವ ಸಶಬ್ದ ಕ್ರಿಯೆಗಳು ನಾಲ್ಕು, ಸದ್ದಿಲ್ಲದ ನಿಃಶಬ್ದ ಕ್ರಿಯೆಗಳೂ ನಾಲ್ಕು. ಸದ್ದಿಗೆ ಕೊಟ್ಟಷ್ಟೇ ಸ್ಥಾನವನ್ನು ಮೌನಕ್ಕೂ ಕೊಟ್ಟದ್ದು ಇಲ್ಲಿ ಗಮನಿಸಬೇಕಾದ ಸಂಗತಿ. ಹದಿಮೂರನೆಯ ಶತಮಾನದಲ್ಲಿ, ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ರಚಿಸಿದನು. ಒಂದು ಕ್ರಿಯೆಯ ನಂತರ ಬರುವ ವಿಶ್ರಾಂತಿಯೇ ಲಯ ಎಂಬುದು ಅವನ ನಿರ್ವಚನ. ಆ ವಿಶ್ರಾಂತಿ ಕಿರಿದಾದರೆ ದ್ರುತ, ಅದರ ಇಮ್ಮಡಿ ಮಧ್ಯ, ಅದಕ್ಕೂ ಇಮ್ಮಡಿ ವಿಲಂಬಿತ. ಅಂದರೆ ಲಯವೆಂಬುದು ಪೆಟ್ಟಿನಲ್ಲಿಲ್ಲ; ಎರಡು ಪೆಟ್ಟುಗಳ ನಡುವಣ ಬಿಡುವಿನಲ್ಲಿದೆ. ತಾಳ ತಪ್ಪುವ ಮಗು ಪೆಟ್ಟನ್ನು ಹಾಕಲಾರದೆ ತಪ್ಪುವುದಿಲ್ಲ. ಬಿಡುವನ್ನು ಕಾಯಲಾರದೆ ತಪ್ಪುತ್ತದೆ. ಕಾಯುವುದನ್ನು ಕಲಿಸಬಹುದಲ್ಲವೇ?

ಕಲಿಸಬಹುದು ಎಂಬುದಕ್ಕೆ ಕನ್ನಡ ನಾಡಿನ ಹರಿದಾಸರೇ ಸಾಕ್ಷಿ. ಶಾರ್ಙ್ಗದೇವನು ಪಟ್ಟಿ ಮಾಡಿದ ದೇಶೀತಾಳಗಳು 120. ಪಂಡಿತನಿಗೆ ಅದು ಭಂಡಾರ, ಕಲಿಯುವವನಿಗೆ ಕಾಡು. ದಾಸರ ಕಾಲಕ್ಕೆ ಬರುವ ವೇಳೆಗೆ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳು ಮುಂದೆ ಬಂದವು. ಒಂದೇ ರಚನೆಯ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ತಾಳಗಳಲ್ಲಿ ಹಾಡುವ ಸುಳಾದಿಗಳಲ್ಲಿ ಇವು ಬಳಕೆಗೊಂಡು, ‘ಸುಳಾದಿ ಸಪ್ತತಾಳ’ಗಳೆಂದೇ ಹೆಸರಾದವು. ಇವುಗಳ ಲಘುವಿಗೆ 3, 4, 5, 7, 9 ಅಕ್ಷರಗಳ ಐದು ಜಾತಿಗಳನ್ನು ಕೂಡಿಸಿದಾಗ 35 ತಾಳಗಳಾಗುತ್ತವೆ. 1835ರಲ್ಲಿ ಕಾಲವಾದ ಮುತ್ತುಸ್ವಾಮಿ ದೀಕ್ಷಿತರು ರವಿಯಿಂದ ಶನಿಯವರೆಗಿನ ಏಳು ಗ್ರಹಗಳ ಕೃತಿಗಳನ್ನು ಅನುಕ್ರಮವಾಗಿ ಈ ಏಳು ತಾಳಗಳಲ್ಲೇ ರಚಿಸಿದರು. ದಾಸರ ದಾರಿ ಎಷ್ಟು ದೂರ ಸಾಗಿತೆಂಬುದಕ್ಕೆ ಇದೊಂದು ನಿದರ್ಶನ.

ಆರಂಭದ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ಹೇಳುತ್ತದೆ. ಆ ಪಾಠಗಳನ್ನು ನಾವು ಸ್ವರಜ್ಞಾನಕ್ಕೆಂದು ಭಾವಿಸುತ್ತೇವೆ. ಲಯದ ಕಣ್ಣಿನಿಂದ ನೋಡಿದರೆ ಅವುಗಳ ಬಗೆಯೇ ಬೇರೆ. ಮೊದಲ ಸರಳೆಯಲ್ಲಿ ಏರಿಳಿದು ಹದಿನಾರು ಸ್ವರಗಳು. ಆದಿತಾಳಕ್ಕೆ ಎಂಟು ಎಣಿಕೆ. ಒಂದನೆಯ ಕಾಲದಲ್ಲಿ ಎಣಿಕೆಗೊಂದು ಸ್ವರ, ಎರಡು ಆವರ್ತ ಬೇಕು. ಎರಡನೆಯ ಕಾಲದಲ್ಲಿ ಎಣಿಕೆಗೆರಡು, ಒಂದೇ ಆವರ್ತ ಸಾಕು. ಮೂರನೆಯ ಕಾಲದಲ್ಲಿ ಎಣಿಕೆಗೆ ನಾಲ್ಕು, ಅರ್ಧ ಆವರ್ತದಲ್ಲೇ ಮುಗಿಯುತ್ತದೆ. ಆವರ್ತ ತುಂಬಲು ಇನ್ನೊಮ್ಮೆ ಹಾಡಬೇಕು. ಕಂಠ ಇಮ್ಮಡಿ, ನಾಲ್ಮಡಿಯಾಗುತ್ತದೆ. ಕೈ ಮಾತ್ರ ಇದ್ದಂತೆಯೇ ಇರಬೇಕು. ಅಲಂಕಾರಗಳಲ್ಲಿ ಈ ಜಾಣ್ಮೆ ಇನ್ನೂ ಮುಂದೆ ಹೋಗುತ್ತದೆ. ಧ್ರುವತಾಳದ ಅಲಂಕಾರದಲ್ಲಿ ತಾಳದ ಅಂಗಗಳಂತೆಯೇ ಸ್ವರಗಳೂ ನಾಲ್ಕು, ಎರಡು, ನಾಲ್ಕು, ನಾಲ್ಕು ಎಂದು ಗುಂಪುಗೂಡಿ ಹದಿನಾಲ್ಕಾಗುತ್ತವೆ. ಕಿವಿ ಎಡವಿದರೆ ಕೈ ಎಚ್ಚರಿಸುತ್ತದೆ, ಕೈ ಎಡವಿದರೆ ಕಿವಿ ಎಚ್ಚರಿಸುತ್ತದೆ. ಲಯವು ಹುಟ್ಟಿನಿಂದಲೇ ಬರುವುದಾಗಿದ್ದರೆ ಇಷ್ಟೊಂದು ಮೆಟ್ಟಿಲುಗಳನ್ನು ಕಟ್ಟುವ ಅಗತ್ಯವೇನಿತ್ತು?

ಇನ್ನು ನಾನು ಬದುಕಿನುದ್ದಕ್ಕೂ ಪಾಠ ಹೇಳಿದ ಛಂದಸ್ಸಿನ ಕಡೆಗೆ ಬರುತ್ತೇನೆ. ಕುಮಾರವ್ಯಾಸನ ಭಾಮಿನೀ ಷಟ್ಪದಿಯನ್ನು ಕರಿಹಲಗೆಯ ಮೇಲೆ ಮೂರು, ನಾಲ್ಕು, ಮೂರು, ನಾಲ್ಕು ಎಂದು ಗಣ ವಿಂಗಡಿಸಿ ಎಷ್ಟೋ ಸಾವಿರ ಸಲ ಬರೆದಿದ್ದೇನೆ. ಅದನ್ನು ಕೈಯಿಂದ ಒಮ್ಮೆಯೂ ಎಣಿಸಿರಲಿಲ್ಲ. ನಿವೃತ್ತನಾದ ಮೇಲೆ ಮೃದಂಗ ಬಲ್ಲ ಮಿತ್ರರೊಬ್ಬರು, ‘ನಿಮ್ಮ ಭಾಮಿನಿಯೇ ನಮ್ಮ ತಿಶ್ರ ತ್ರಿಪುಟವಲ್ಲವೇ, ಸ್ವಾಮಿ? ತಾಳ ಹಾಕಿ ಓದಿ’ ಎಂದರು. ತ್ರಿಪುಟದ ಲಘುವಿಗೆ ಮೂರು ಮಾತ್ರೆ, ಎರಡು ದ್ರುತಗಳಿಗೆ ನಾಲ್ಕು. ಹದಿನಾಲ್ಕು ಮಾತ್ರೆಯ ಸಾಲು ಎರಡು ಆವರ್ತಗಳಲ್ಲಿ ಸರಿಯಾಗಿ ಕುಳಿತುಕೊಂಡಿತು. ಮೂರನೆಯ ಸಾಲಿನಲ್ಲಿ ಸಿಕ್ಕಿಬಿದ್ದೆ. ಅಲ್ಲಿ ಇಪ್ಪತ್ತೊಂದು ಮಾತ್ರೆಗಳ ಮೇಲೆ ಒಂದು ಗುರು, ಒಟ್ಟು ಇಪ್ಪತ್ತಮೂರು. ನಾಲ್ಕನೆಯ ಆವರ್ತದಲ್ಲಿ ಐದು ಮಾತ್ರೆ ಖಾಲಿ. ನಾನು ಪ್ರತಿಸಲವೂ ಆ ಮೌನವನ್ನು ನುಂಗಿ ಮುಂದಿನ ಸಾಲಿಗೆ ಧಾವಿಸುತ್ತಿದ್ದೆ. ಹದಿಮೂರನೆಯ ವಯಸ್ಸಿನಲ್ಲಿ ನಾನು ಮಾಡಿದ ತಪ್ಪು ಏನೆಂಬುದು ಅರುವತ್ತು ದಾಟಿದ ಮೇಲೆ ನನಗೆ ತಿಳಿಯಿತು.

ಗಮಕಿಗಳು ಕಾವ್ಯವನ್ನು ಹೀಗೆ ತಾಳಕ್ಕೆ ಬಿಗಿದು ಓದುವುದಿಲ್ಲ. ಭಾವಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ ಓದುತ್ತಾರೆ. ಅದು ಸರಿಯೇ. ಆದರೆ ಅಭ್ಯಾಸಕ್ಕೆ ಇದಕ್ಕಿಂತ ಸುಲಭವಾದ ಸಾಧನ ಕನ್ನಡದ ಮಕ್ಕಳಿಗೆ ಬೇರೊಂದಿಲ್ಲ. ಮೂರಕ್ಕೆ ಭೋಗಷಟ್ಪದಿ, ನಾಲ್ಕಕ್ಕೆ ಶರ, ಐದಕ್ಕೆ ಕುಸುಮ ಮತ್ತು ವಾರ್ಧಕ, ಏಳಕ್ಕೆ ಭಾಮಿನಿ. ತಿಶ್ರ, ಚತುರಶ್ರ, ಖಂಡ, ಮಿಶ್ರ ನಡೆಗಳು ನಮ್ಮ ನಾಲಗೆಯ ಮೇಲೆ ಶತಮಾನಗಳಿಂದ ಇವೆ. ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಲಯವಿದೆಯೇ ಎಂದು ಯಾರೂ ಪರೀಕ್ಷೆ ಮಾಡಲಿಲ್ಲ. ಕಲ್ಲಿನ ಸುತ್ತು, ಒನಕೆಯ ಏಳುಬೀಳು ಅವರಿಗೆ ಅದನ್ನು ದಿನದಿನವೂ ಕಲಿಸಿದವು.

ಎಲ್ಲರೂ ಮೃದಂಗ ವಿದ್ವಾಂಸರಾಗಬಲ್ಲರೆಂದು ನಾನು ಹೇಳುತ್ತಿಲ್ಲ. ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ತಡವಾಗಿ ಬರುತ್ತದೆ. ತಡವನ್ನು ಇಲ್ಲವೆಂದು ಎಣಿಸುವುದು ಮಾತ್ರ ಅನ್ಯಾಯ. ಈಗ ತಾಳ ಹೇಳುವ ಯಂತ್ರಗಳೂ ಬಂದಿವೆ. ಕಾಲ ಓಡಿತೇ ಎಂದು ನೋಡಲು ಅವು ಉಪಯುಕ್ತ. ಆದರೆ ಯಂತ್ರವನ್ನು ಒಂದೆರಡು ಆವರ್ತ ನಿಲ್ಲಿಸಿ, ಕೈಯ ಎಣಿಕೆಯಲ್ಲೇ ನಡೆದು, ಮತ್ತೆ ಅದರೊಡನೆ ಸೇರಬಲ್ಲೆವೇ ಎಂದು ಪರೀಕ್ಷಿಸಿಕೊಂಡಾಗಲೇ ಲಯ ನಮ್ಮದಾಯಿತೋ ಇಲ್ಲವೋ ತಿಳಿಯುವುದು.

ನನ್ನ ಮೊಮ್ಮಗಳು ಈಗ ಮತ್ತೆ ಪಾಠಕ್ಕೆ ಹೋಗುತ್ತಿದ್ದಾಳೆ. ಬೆಳಿಗ್ಗೆ ಅವಳು ಸರಳೆ ಹಾಡಿದರೆ ನಾನು ಎದುರು ಕುಳಿತು ತಾಳ ಹಾಕುತ್ತೇನೆ. ನಾನು ಷಟ್ಪದಿ ಓದಿದರೆ ಅವಳು ಹಾಕುತ್ತಾಳೆ. ಮೂರನೆಯ ಕಾಲದಲ್ಲಿ ಅವಳಿನ್ನೂ ಓಡುತ್ತಾಳೆ. ಆದರೆ ಮೂರನೆಯ ಸಾಲಿನ ಕೊನೆಯ ಐದು ಮಾತ್ರೆಗಳಲ್ಲಿ ನಾನು ಅವಸರಪಟ್ಟು ಬಾಯಿ ತೆರೆದರೆ, ‘ತಾತ, ಇನ್ನೂ ಆಗಿಲ್ಲ, ತಾಳಿ’ ಎಂದು ನಿಲ್ಲಿಸುತ್ತಾಳೆ. ಅವಳ ಕೈ ಮಾತ್ರ ನಿಲ್ಲುವುದಿಲ್ಲ.