ಬೀದಿಯ ಶಾಹೀರ ಅಣ್ಣಾಭಾವು ಸಾಠೆ

ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಕಂಡವರು ನಾವು. ಕಾವ್ಯ ಅಂದರೆ ಪುಸ್ತಕದಲ್ಲಿರುವುದು ಅಂತ ಕಾಲೇಜಿನಲ್ಲಿ ಕಲಿತುಬಿಟ್ಟೆವು. ಅಪ್ಪ ಅವ್ವ ಓದಲಾರದ್ದನ್ನು ಬರೆದು, ಅವರ ಪರವಾಗಿ ಬರೆದಿದ್ದೇವೆ ಅನ್ನುತ್ತೇವೆ. ಈ ಸುಳ್ಳು ಚುಚ್ಚಿದಾಗಲೆಲ್ಲ ನಮಗೆ ನೆನಪಾಗುವವರು ಮರಾಠಿಯ ಬೀದಿ ಹಾಡುಗಾರ, ಶಾಹೀರ ಅಣ್ಣಾಭಾವು ಸಾಠೆ.

ತುಕಾರಾಮ ಭಾವುರಾವ್ ಸಾಠೆ ಹುಟ್ಟಿದ್ದು 1920ರ ಆಗಸ್ಟ್ 1ರಂದು, ಇಂದಿನ ಸಾಂಗ್ಲಿ ಜಿಲ್ಲೆಯ ವಾಟೇಗಾಂವ್‌ನಲ್ಲಿ. ಜಾತಿ ಮಾಂಗ. ನಮ್ಮ ಕಡೆಯ ಮಾದಿಗರ ಹಾಗೆ ಹಲಗೆ ಬಡಿಯುವ, ಹಗ್ಗ ಹೊಸೆಯುವ, ಊರಾಚೆ ಇರುವ ಜನ. ಶಾಲೆಯ ಮುಖ ನೋಡಿದ್ದು ಒಂದೆರಡು ದಿನ, ಅಷ್ಟೆ. ಹುಡುಗನಾಗಿದ್ದಾಗಲೇ ಅಪ್ಪನ ಜೊತೆ ನಡೆದೇ ಮುಂಬಯಿ ಸೇರಿದ. ಕೂಲಿ ಮಾಡಿದ, ಗಿರಣಿಯಲ್ಲಿ ದುಡಿದ. ಅಂಗಡಿ ಬೋರ್ಡು, ಸಿನೆಮಾ ಪೋಸ್ಟರುಗಳೇ ಅವನಿಗೆ ಅಕ್ಷರಾಭ್ಯಾಸದ ಪುಸ್ತಕಗಳಾದವು. ಕಾರ್ಮಿಕ ಚಳವಳಿ ಕಮ್ಯುನಿಸ್ಟ್ ಪಕ್ಷಕ್ಕೆ ಕರೆದೊಯ್ದಿತು.

1944ರಲ್ಲಿ ಅಮರ ಶೇಖ್, ದ. ನಾ. ಗವಾಣಕರ್ ಜೊತೆ ಸೇರಿ ‘ಲಾಲ್ ಬಾವಟಾ ಕಲಾಪಥಕ’ ಕಟ್ಟಿದರು. ಕೆಂಬಾವುಟದ ಕಲಾತಂಡ. ಗಿರಣಿ ಗೇಟು, ಚಾಳಿನ ಅಂಗಳ, ಬಯಲು ಇವೇ ರಂಗಮಂದಿರ. ದಿನದ ಪಾಳಿ ಮುಗಿಸಿ ಬಂದ ಕೂಲಿಗಳೇ ಪ್ರೇಕ್ಷಕರು.

ಅವರ ಕೈಲಿದ್ದದ್ದು ತಮಾಷಾ. ತಲೆತಲಾಂತರದಿಂದ ಅಸ್ಪೃಶ್ಯ ಜಾತಿಗಳ ಕಲಾವಿದರು ಬೆವರು ಸುರಿಸಿ ಬೆಳೆಸಿದ ಆಟ. ಆದರೆ ಅದರ ಮೊದಲ ಹಾಡು ಗಣಪತಿಗೆ, ಆಮೇಲಿನದು ಕೃಷ್ಣ ಮತ್ತು ಗೌಳಗಿತ್ತಿಯರ ಸರಸಕ್ಕೆ. ಅಣ್ಣಾಭಾವು ಗಣಪತಿಯನ್ನು ಕೆಳಗಿಳಿಸಿ, ಆ ಜಾಗದಲ್ಲಿ ನೆಲಕ್ಕೆ, ಆ ನೆಲಕ್ಕಾಗಿ ಬಡಿದಾಡಿದವರಿಗೆ ನಮಸ್ಕಾರ ಹೇಳಿಸಿದರು. ಗೌಳಗಿತ್ತಿಯರ ಸರಸವನ್ನು ಬಿಟ್ಟೇಬಿಟ್ಟರು. ಸಾಹುಕಾರ, ಬಡ್ಡಿ, ಕಾಳಸಂತೆ, ಚುನಾವಣೆ ಅಟ್ಟಕ್ಕೆ ಬಂದವು. ಆದರೆ ಹಾಡಿನ ಮಟ್ಟು, ಡಪ್ಪಿನ ಪೆಟ್ಟು, ನಗೆಚಾಟಿಕೆ ಯಾವುದನ್ನೂ ಬಿಡಲಿಲ್ಲ. ಹಳೆಯದನ್ನೆಲ್ಲ ಸುಡಬೇಕು ಅನ್ನುವ ನಾವು ಇದನ್ನು ಗಮನಿಸಬೇಕು. ಕೇರಿಯ ಕಲೆಯನ್ನು ಉಳಿಸಿಕೊಂಡೇ ಅದರೊಳಗಿನ ಪುರೋಹಿತಶಾಹಿಯನ್ನು ಅವರು ಕಿತ್ತರು.

ಸ್ವಾತಂತ್ರ್ಯ ಬಂದ ಬೆನ್ನಿಗೇ ಮುಂಬಯಿ ಸರ್ಕಾರ ತಮಾಷಾವನ್ನು ನಿಷೇಧಿಸಿತು. ಅಶ್ಲೀಲ ಅನ್ನುವುದು ಹೊರಗಿನ ನೆಪ. ಕೆಂಬಾವುಟದವರ ಆಟಕ್ಕೂ ಬೀಗ ಬಿತ್ತು. ಅಣ್ಣಾಭಾವು ಅದೇ ಆಟಕ್ಕೆ ‘ಲೋಕನಾಟ್ಯ’ ಅಂತ ಹೆಸರಿಟ್ಟು ಮತ್ತೆ ಆಡಿದರು.

‘ಮಾಝೀ ಮೈನಾ’ ಹಾಡನ್ನು ಕನ್ನಡದ ನಾವು ಸುಮ್ಮನೆ ತಲೆದೂಗಿ ಕೇಳಲಾರೆವು. ಹೆಂಡತಿಯನ್ನು ಊರಲ್ಲಿ ಬಿಟ್ಟು ಮುಂಬಯಿಗೆ ಬಂದ ಕೂಲಿಯವನ ಸಂಕಟ ಅದು. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಆ ಹಾಡು ಬೆಳಗಾವಿ, ಕಾರವಾರಗಳನ್ನೂ ಕೇಳುತ್ತದೆ. ಆ ಬೇಡಿಕೆ ನಮ್ಮದಲ್ಲ, ನಾವು ಒಪ್ಪುವುದೂ ಇಲ್ಲ. ಆದರೆ ವಿಜಯಪುರ, ಕಲಬುರಗಿ ಕಡೆಯಿಂದ ಮುಂಬಯಿಗೆ ದುಡಿಯಲು ಹೋದವರ ಮನೆಯಲ್ಲೂ ಒಬ್ಬಳು ಮೈನಾ ಹಾದಿ ಕಾದಿದ್ದಾಳೆ. ಗಡಿಯ ಜಗಳ ಬೇರೆ, ಆಕೆಯ ಕಣ್ಣೀರು ಬೇರೆ ಅಂತ ತಿಳಿಯುವಷ್ಟು ಬುದ್ಧಿ ನಮಗಿರಲಿ.

1958ರಲ್ಲಿ ಮುಂಬಯಿಯ ಮೊದಲ ದಲಿತ ಸಾಹಿತ್ಯ ಸಮ್ಮೇಳನವನ್ನು ಉದ್ಘಾಟಿಸಿದವರು ಇದೇ ಶಾಲೆ ಕಾಣದ ಅಣ್ಣಾಭಾವು. ಭೂಮಿ ನಿಂತಿರುವುದು ಆದಿಶೇಷನ ಹೆಡೆಯ ಮೇಲಲ್ಲ, ದಲಿತರ, ದುಡಿಯುವವರ ಅಂಗೈ ಮೇಲೆ ಅಂದರು. ಮರುವರ್ಷ ಬಂದ ‘ಫಕೀರಾ’ ಕಾದಂಬರಿಯಲ್ಲಿ ಮಾಂಗ ಜಾತಿಯ ಬಂಡಾಯಗಾರನೇ ನಾಯಕ. ಕಮ್ಯುನಿಸ್ಟ್ ಶಾಹೀರ ಅದನ್ನು ಅರ್ಪಿಸಿದ್ದು ಅಂಬೇಡ್ಕರ್ ಅವರಿಗೆ. ಕೆಂಪೋ ನೀಲಿಯೋ ಅಂತ ಕಚ್ಚಾಡಿ ಸಂಘಟನೆ ಒಡೆದುಕೊಂಡ ನಮಗೆ ಆ ಅರ್ಪಣೆಯ ಪುಟವೇ ಒಂದು ಪಾಠ.

ಮೂವತ್ತಕ್ಕೂ ಹೆಚ್ಚು ಕಾದಂಬರಿ ಬರೆದವರು ಬಹುಕಾಲ ಬದುಕಿದ್ದು ಘಾಟ್‌ಕೋಪರಿನ ಚಿರಾಗ್‌ನಗರದ ಜೋಪಡಿಯಲ್ಲಿ. 1969ರ ಜುಲೈ 18ರಂದು, 48ರ ವಯಸ್ಸಿನಲ್ಲಿ, ಬಡತನದಲ್ಲೇ ತೀರಿಕೊಂಡರು. 2002ರಲ್ಲಿ ಸರ್ಕಾರ ಅವರ ಅಂಚೆಚೀಟಿ ತಂದಿತು. ಬದುಕಿದ್ದಾಗ ಆಟಕ್ಕೆ ಬೀಗ, ಸತ್ತ ಮೇಲೆ ಮುಖಕ್ಕೆ ಅಂಚೆಮುದ್ರೆ.

ಗೆಳೆಯರೇ, ಹಾರ ಹಾಕುವುದು ಸುಲಭ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ನಾವು ಬರೆದದ್ದನ್ನು ಕೇರಿಯ ಕಟ್ಟೆಯ ಮೇಲೆ ಕೂತು ಓದಿ ಹೇಳೋಣ. ಅರ್ಧಕ್ಕೇ ಅವ್ವ ಎದ್ದು ಹೋದರೆ ತಪ್ಪು ಅವ್ವನದಲ್ಲ. ಮನೆಗೆ ಬಂದು ಮತ್ತೆ ಬರೆಯೋಣ.